ಸೊಂಟದ ನೋವಿಗೆ ಕಾರಣ ಹುಡುಕಿದ ಬಗೆ: ನನ್ನ ಅನುಭವ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಹೇಗಿರುತ್ತದೆ, ಕೀಮೋ ಹೇಗಿರುತ್ತದೆ, ನಮ್ಮ ಕಡೆ ‘ಕರೆಂಟ್ ಕೊಡುವುದು’ ಎಂದೇ ಕರೆಯುವ ರೇಡಿಯೇಷನ್ ಹೇಗಿರುತ್ತದೆ ಎಂದು ಹೇಳುವವರು ಎಲ್ಲಿಯಾದರೂ ಸಿಗುತ್ತಾರೆ. ಎಲ್ಲ ಮುಗಿದು, ಕೂದಲು ಮತ್ತೆ ಬಂದು, ಕೆಲಸಕ್ಕೂ ಹಾಜರಾದ ಮೇಲೆ ಒಂದು ಬೆಳಗ್ಗೆ ಸೊಂಟ ಹಿಡಿದುಕೊಂಡು ಬಿಡದೇ ಹೋದರೆ ಏನು ಮಾಡಬೇಕೆಂದು ಹೇಳುವವರು ಕಡಿಮೆ. ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ನನ್ನದು ಹಾರ್ಮೋನಿಗೆ ಸ್ಪಂದಿಸುವ ಬಗೆಯ, ಎರಡನೆಯ ಹಂತದ ಗಡ್ಡೆಯಾಗಿತ್ತು. ಬೆಂಗಳೂರಿನಲ್ಲಿ ಚಿಕಿತ್ಸೆ ಮುಗಿದಾಗ ದಿನಕ್ಕೊಂದರಂತೆ 2.5 ಮಿಲಿಗ್ರಾಂ ಲೆಟ್ರೋಜೋಲ್ ಎಂಬ, ಹಾರ್ಮೋನು ತಡೆಯುವ ಮಾತ್ರೆಯನ್ನು ಐದು ವರ್ಷ ತೆಗೆದುಕೊಳ್ಳಬೇಕೆಂದು ಬರೆದುಕೊಟ್ಟಿದ್ದರು.

ಮಾತ್ರೆ ಶುರುವಾದ ಕೆಲವು ತಿಂಗಳಲ್ಲಿ ಬೆಳಗ್ಗೆ ಎದ್ದಾಗ ಕೈಬೆರಳುಗಳು ಮಡಚದಾದವು. ಹಾಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಎತ್ತಲು ಆಗುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿಟ್ಟು ಸ್ವಲ್ಪ ಹೊತ್ತಾದರೆ ಸಡಿಲವಾಗುತ್ತಿತ್ತು. ಇದು ನನ್ನನ್ನು ಅಷ್ಟಾಗಿ ಹೆದರಿಸಲಿಲ್ಲ, ಏಕೆಂದರೆ ಎರಡೂ ಕೈಗಳಲ್ಲಿ ಒಂದೇ ಸಮನಾಗಿತ್ತು ಮತ್ತು ಈ ಮಾತ್ರೆಯಿಂದ ಕೀಲುನೋವು ಬರುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಹೆದರಿಸಿದ್ದು ಆಮೇಲೆ ಬಂದ ಎಡ ಸೊಂಟದ ನೋವು. ಅದು ಒಂದೇ ಕಡೆ ಇತ್ತು, ಒಂದೇ ಜಾಗದಲ್ಲಿ ಇತ್ತು, ರಾತ್ರಿಯೂ ಎಚ್ಚರಿಸುತ್ತಿತ್ತು. ಬಿದ್ದದ್ದಿಲ್ಲ, ಭಾರ ಎತ್ತಿದ್ದಿಲ್ಲ. ಸ್ತನ ಕ್ಯಾನ್ಸರ್ ಬೇರೆ ಅಂಗಕ್ಕೆ ಹರಡುವಾಗ ಎಲ್ಲಕ್ಕಿಂತ ಹೆಚ್ಚಾಗಿ ಹೋಗಿ ಸೇರುವುದು ಮೂಳೆಗೇ, ಅದರಲ್ಲೂ ಬೆನ್ನುಮೂಳೆ, ಸೊಂಟ, ಪಕ್ಕೆಲುಬು ಮತ್ತು ತೊಡೆಮೂಳೆಯ ಮೇಲ್ಭಾಗಕ್ಕೆ ಎಂಬುದು ತಿಳಿದಿದ್ದವಳಿಗೆ ನಿದ್ದೆ ಬರುವುದಾದರೂ ಹೇಗೆ?

ಊರಿನ ಕ್ಲಿನಿಕ್ಕೊಂದರಲ್ಲಿ ತೋರಿಸಿದಾಗ ಅಲ್ಲಿದ್ದ ವೈದ್ಯರು ಫೈಲನ್ನು ತೆರೆಯದೆ, ಐವತ್ತು ದಾಟಿತಲ್ಲ ಮೇಡಂ, ಇದೆಲ್ಲ ಇದ್ದದ್ದೇ ಎಂದು ನೋವಿನ ಮಾತ್ರೆ ಬರೆದರು. ಮನೆಯಲ್ಲಿ ಮಾವನವರು, “ನರ ಹಿಡಿದಿದೆ ಕಣಮ್ಮ, ಎಣ್ಣೆ ಹಾಕಿ ನೀವಿಸಿದರೆ ಬಿಡುತ್ತೆ” ಎಂದು ಪರಿಚಯದ ನಾಟಿ ವೈದ್ಯರೊಬ್ಬರ ಹೆಸರು ಹೇಳಿದರು. ಕಾರಣ ತಿಳಿಯುವವರೆಗೆ ಬೇಡವೆಂದೆ. ಮೂಳೆ ಒಳಗೇ ದುರ್ಬಲವಾಗಿದ್ದ ಪಕ್ಷದಲ್ಲಿ ಬಲವಾಗಿ ಅದುಮಿದರೆ ಮುರಿಯಬಹುದು. ಈ ವಿಷಯದಲ್ಲಿ ಹಿರಿಯರ ಮಾತನ್ನು ಮೀರಿದ್ದಕ್ಕೆ ನನಗೆ ಈಗಲೂ ಸಂಕೋಚವಿಲ್ಲ. ಬೆಂಗಳೂರಿನಿಂದ ನಾದಿನಿ ಫೋನು ಮಾಡಿ, “ಅತ್ತಿಗೆ, ಸುಮ್ಮನೆ ಒಂದು ಪೆಟ್ ಸ್ಕ್ಯಾನ್ ಮಾಡಿಸಿಬಿಡಿ, ಮನಸ್ಸಿಗಾದರೂ ಸಮಾಧಾನ” ಎಂದಳು. ಮೈಯಲ್ಲಿ ಕ್ಯಾನ್ಸರ್ ಎಲ್ಲಾದರೂ ಇದೆಯೇ ಎಂದು ಹುಡುಕುವ ಸ್ಕ್ಯಾನ್ ಅದು. ಅವಳ ಕಾಳಜಿ ನಿಜವಾದದ್ದು, ಆದರೆ ಯಾವ ಪ್ರಶ್ನೆಗೆ ಉತ್ತರ ಬೇಕೆಂದು ಗೊತ್ತಿಲ್ಲದೆ ನಾವೇ ಹೋಗಿ ಸ್ಕ್ಯಾನ್ ಮಾಡಿಸಿದರೆ, ಬಂದ ವರದಿಯನ್ನು ಓದುವವರು ಯಾರು ಎಂಬುದು ನನ್ನ ಅನುಮಾನವಾಗಿತ್ತು.

ಆದ್ದರಿಂದ ಡಾಕ್ಟರ ಬಳಿ ಹೋಗುವ ಮೊದಲು ನೋವನ್ನು ಬರೆದಿಡಲು ಶುರುಮಾಡಿದೆ. ಮಕ್ಕಳ ಹಳೆಯ ನೋಟ್‌ಪುಸ್ತಕವೊಂದರ ಉಳಿದ ಹಾಳೆಗಳು ಇದಕ್ಕೆ ಸಾಕಾದವು. ಒಂದು ದಿನದ ಬರಹ ಹೀಗಿದೆ: “ಎಡ ಸೊಂಟ, ಹಿಂಭಾಗ, ಬೆರಳಿಟ್ಟು ತೋರಿಸಬಹುದು. ಮೂರನೆಯ ಪಿರಿಯಡ್ ಮುಗಿಯುವಾಗ 10ಕ್ಕೆ 6. ಸ್ಟಾಫ್ ರೂಮಿನಲ್ಲಿ ಕುಳಿತ ಮೇಲೆ 3. ರಾತ್ರಿ ಎಡಕ್ಕೆ ಮಗ್ಗುಲಾದಾಗ ಎಚ್ಚರ, ಬಲಕ್ಕೆ ಹೊರಳಿದರೆ ಕಡಿಮೆ. ಪ್ಯಾರಸಿಟಮಾಲ್ ಒಂದು, ಅರ್ಧ ಇಳಿಯಿತು. ಕಾಲು ಜೋಮು ಇಲ್ಲ.” ಬೆರಳುಗಳ ನೋವಿಗೆ ಬೇರೆ ಪುಟ ಇಟ್ಟಿದ್ದೆ, ಏಕೆಂದರೆ ಎರಡನ್ನೂ ಸೇರಿಸಿ ‘ಮೈಯೆಲ್ಲ ನೋವು’ ಎಂದು ಹೇಳಿದರೆ ಕೇಳುವ ಡಾಕ್ಟರಿಗೂ ದಾರಿ ಸಿಗುವುದಿಲ್ಲ. ನೋವು ಎಲ್ಲಿದೆ, ಅಲೆದಾಡುತ್ತದೆಯೋ ಒಂದೇ ಕಡೆ ಕೂತಿದೆಯೋ, ವಿಶ್ರಾಂತಿಯಿಂದ ಇಳಿಯುತ್ತದೆಯೋ ಇಲ್ಲವೋ, ಕಳೆದ ವಾರಕ್ಕಿಂತ ಹೆಚ್ಚಿದೆಯೋ ಎಂಬ ನಾಲ್ಕು ಸಂಗತಿಗಳು ಮುಖ್ಯ. ಹರಡಿದ ಕ್ಯಾನ್ಸರಿನ ನೋವು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ನಿಂತು, ದಿನೇದಿನೇ ಏರುತ್ತ, ಮಲಗಿದರೂ ಬಿಡದೆ ಕಾಡುತ್ತದೆ. ಎರಡು ವಾರ ಕಳೆದರೂ ಕಾರಣವಿಲ್ಲದೆ ಉಳಿದ ನೋವನ್ನು ಮುಂದಿನ ಚೆಕಪ್‌ವರೆಗೆ ಇಟ್ಟುಕೊಳ್ಳದೆ ತಿಳಿಸಬೇಕೆಂದು ನನಗೆ ಆಸ್ಪತ್ರೆಯಲ್ಲಿ ಹೇಳಿದ್ದರು. ಆ ಗಡುವು ದಾಟಿದ ಕೂಡಲೇ ಹೊರಟೆ.

ಹೋಗುವಾಗ ಒಂದು ಗೊಂದಲವೂ ಇತ್ತು. ಚಿಕಿತ್ಸೆ ಮುಗಿದವರಿಗೆ ಪ್ರತಿವರ್ಷ ಬೋನ್ ಸ್ಕ್ಯಾನ್, ಪೆಟ್ ಸ್ಕ್ಯಾನ್ ಮಾಡಿಸುವ ಅಗತ್ಯವಿಲ್ಲ, ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ಮತ್ತು ಡಾಕ್ಟರ ತಪಾಸಣೆ ಸಾಕು ಎಂದು ನನಗೆ ಮೊದಲೇ ತಿಳಿಸಿದ್ದರು. 1994ರಲ್ಲಿ ಇಟಲಿಯ ಎರಡು ದೊಡ್ಡ ಅಧ್ಯಯನಗಳು ಪ್ರಕಟವಾಗಿದ್ದವು. ನಿಯಮಿತವಾಗಿ ಸ್ಕ್ಯಾನ್ ಮಾಡಿಸಿಕೊಂಡವರು ಮಾಡಿಸಿಕೊಳ್ಳದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲವೆಂದು ಎರಡೂ ತೋರಿಸಿದ್ದವು. ಹಾಗಿದ್ದರೆ ನಾನು ಸ್ಕ್ಯಾನ್ ಕೇಳುವುದು ಅತಿಯಾಗುತ್ತದೆಯೇ? ಡಾಕ್ಟರು ಇದನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿದರು: ಆ ಮಾತು ಯಾವ ತೊಂದರೆಯೂ ಇಲ್ಲದವರಿಗೆ ಅನ್ವಯಿಸುತ್ತದೆ, ಲಕ್ಷಣವೊಂದು ಕಾಣಿಸಿಕೊಂಡ ಮೇಲೆ ಪರೀಕ್ಷೆ ಮಾಡಿಸುವುದೇ ಸರಿ. ಈ ವ್ಯತ್ಯಾಸ ತಿಳಿಯದೆ, ಸ್ಕ್ಯಾನ್ ಬೇಡವೆಂದಿದ್ದಾರಲ್ಲ ಎಂದು ನೋವನ್ನು ನುಂಗಿಕೊಂಡಿರುವವರನ್ನು ನಾನು ಕಂಡಿದ್ದೇನೆ.

ನೋಟ್‌ಪುಸ್ತಕದ ಎರಡು ಪುಟ ಓದಿದ ಮೇಲೆ ಅವರು ಬೆನ್ನುಮೂಳೆಯನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ತಟ್ಟಿ ನೋಡಿದರು, ಕಾಲುಗಳ ಬಲ ಪರೀಕ್ಷಿಸಿದರು, ಆಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ, ಮೂಳೆಯ ಚಟುವಟಿಕೆ ಹೆಚ್ಚಿದರೆ ಏರುವ ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ ಪರೀಕ್ಷೆಗಳನ್ನೂ ಎಕ್ಸ್‌ರೇಯನ್ನೂ ಬೋನ್ ಸ್ಕ್ಯಾನನ್ನೂ ಬರೆದರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಅಷ್ಟಕ್ಕೇ ನಿಲ್ಲಿಸಬೇಡಿ ಎಂದು ಅವರೇ ಎಚ್ಚರಿಸಿದರು: ಮೂಳೆಯ ಖನಿಜಾಂಶ ಶೇಕಡಾ 30ರಿಂದ 50ರಷ್ಟು ಕರಗುವವರೆಗೂ ಎಕ್ಸ್‌ರೇ ಅದನ್ನು ತೋರಿಸದಿರಬಹುದು.

ಬೋನ್ ಸ್ಕ್ಯಾನಿನಲ್ಲಿ ನೋವಾಗುವಂಥದ್ದು ಒಂದು ಸೂಜಿ ಮಾತ್ರ, ಉಳಿದದ್ದೆಲ್ಲ ಕಾಯುವುದು. ಟೆಕ್ನೀಷಿಯಂ ಎಂಬ ಅಲ್ಪ ವಿಕಿರಣದ ವಸ್ತುವನ್ನು ಕೈಯ ನರಕ್ಕೆ ಚುಚ್ಚಿ, ಅದು ಮೂಳೆಗಳಿಗೆ ಸೇರಲು ಸುಮಾರು ಮೂರು ಗಂಟೆ ಹೊರಗೆ ಕೂರಿಸುತ್ತಾರೆ. ಅಷ್ಟರಲ್ಲಿ ಸಾಕಷ್ಟು ನೀರು ಕುಡಿಯಬೇಕು. ಚಿತ್ರ ತೆಗೆಯುವ ಮೊದಲು ಮೂತ್ರ ಮಾಡಿ ಬರಬೇಕು, ಇಲ್ಲವಾದರೆ ತುಂಬಿದ ಮೂತ್ರಕೋಶವೇ ಬೆಳಗಿ ಸೊಂಟದ ಮೂಳೆಗಳನ್ನು ಮರೆಮಾಡುತ್ತದೆ. ಆ ದಿನ ಎಳೆಮಕ್ಕಳನ್ನು ಎತ್ತಿಕೊಳ್ಳಬೇಡಿ, ಗರ್ಭಿಣಿಯರ ಹತ್ತಿರ ಹೆಚ್ಚು ಹೊತ್ತು ಕೂರಬೇಡಿ ಎಂದರು. ಕ್ಯಾಮೆರಾದ ಫಲಕ ಮುಖಕ್ಕೆ ತೀರ ಹತ್ತಿರ ಬಂದು ನಿಧಾನವಾಗಿ ಕಾಲಿನತ್ತ ಸರಿಯುತ್ತದೆ. ನಾನು ಕಣ್ಣು ಮುಚ್ಚಿ 17ರ ಮಗ್ಗಿ ಹೇಳಿಕೊಂಡೆ.

ವರದಿಯಲ್ಲಿ ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಮಣಿಗಳ ನಡುವೆ, ಎಡಬದಿಯಲ್ಲಿ ವಸ್ತು ಹೆಚ್ಚಾಗಿ ಸೇರಿದೆ, ಸವೆತವಿರಬಹುದು, ಎಂಆರ್‌ಐ ಜೊತೆ ತಾಳೆ ನೋಡಿ ಎಂದು ಬರೆದಿತ್ತು. ‘ಇರಬಹುದು’ ಎಂಬ ಆ ಶಬ್ದವನ್ನು ಹಿಡಿದು ಇಡೀ ಮನೆ ಕಂಗೆಟ್ಟಿತು. ಡಾಕ್ಟರು ಹೇಳಿದ್ದು ಆಗ ನೆರವಿಗೆ ಬಂತು. ಬೋನ್ ಸ್ಕ್ಯಾನ್ ಕ್ಯಾನ್ಸರನ್ನು ನೇರವಾಗಿ ಹಿಡಿಯುವುದಿಲ್ಲ, ಮೂಳೆಯಲ್ಲಿ ಎಲ್ಲಿ ದುರಸ್ತಿ ನಡೆಯುತ್ತಿದೆಯೋ ಅಲ್ಲಿ ಬೆಳಗುತ್ತದೆ. ರಸ್ತೆ ಅಗೆದಿರುವುದು ಮೇಲಿನಿಂದ ಕಾಣುತ್ತದೆ, ಅಗೆದದ್ದು ನೀರಿನ ಪೈಪಿಗೋ ಕೇಬಲ್ಲಿಗೋ ಎಂಬುದು ಇಳಿದು ನೋಡಿದವರಿಗೆ ಗೊತ್ತು. ಸವೆದ ಕೀಲು, ಹಳೆಯ ಬಿರುಕು, ಹುಳುಕು ಹಲ್ಲಿನ ಬುಡ ಕೂಡ ಬೆಳಗಬಹುದು. ಎಂಆರ್‌ಐ ಆಗಿ ಫಲಿತಾಂಶ ಬರುವವರೆಗಿನ ದಿನಗಳ ಬಗ್ಗೆ ಹೇಳುವುದೇನೂ ಇಲ್ಲ. ಶಾಲೆಗೆ ಹೋದೆ, ಪಾಠ ಮಾಡಿದೆ, ಸಂಜೆ ಯಾರ ಫೋನನ್ನೂ ಎತ್ತಲಿಲ್ಲ.

ಎಂಆರ್‌ಐಯಲ್ಲಿ ಕಂಡದ್ದು ಬೆನ್ನುಮೂಳೆಯ ಸಣ್ಣ ಕೀಲುಗಳ ಸವೆತ ಮತ್ತು ಸ್ವಲ್ಪ ಉಬ್ಬಿದ ಡಿಸ್ಕ್, ಗಡ್ಡೆ ಇರಲಿಲ್ಲ. ಸೊಂಟದಲ್ಲಿ ಕಾಣಿಸಿಕೊಳ್ಳುತ್ತಿದ್ದ ನೋವಿನ ಮೂಲ ಬೆನ್ನಿನ ಬುಡದಲ್ಲಿತ್ತು. ಅಷ್ಟೇ ಆಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು, ಆದರೆ ಈ ಹುಡುಕಾಟದಲ್ಲಿ ಇನ್ನೆರಡು ಸಂಗತಿಗಳು ಹೊರಬಿದ್ದವು. ವಿಟಮಿನ್ ಡಿ ಮಿಲಿಲೀಟರಿಗೆ 11 ನ್ಯಾನೋಗ್ರಾಂ ಮಾತ್ರ ಇತ್ತು. 20ಕ್ಕಿಂತ ಕಡಿಮೆಯಾದರೆ ಕೊರತೆ ಎನ್ನುತ್ತಾರೆ, ಮತ್ತು ತೀವ್ರ ಕೊರತೆಯೊಂದೇ ಮೂಳೆ ನೋಯಿಸಲು ಸಾಕು. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಬೆನ್ನುಮೂಳೆಯ ಟಿ-ಸ್ಕೋರ್, ಅಂದರೆ ಯೌವನದ ಆರೋಗ್ಯವಂತ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.1 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ರೋಗ), ಅಂದರೆ ನಾನು ಅದರ ಹೊಸ್ತಿಲಲ್ಲಿದ್ದೆ. ಲೆಟ್ರೋಜೋಲ್ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ತಯಾರಾಗುವುದನ್ನು ತಡೆಯುತ್ತದೆ. ಗಡ್ಡೆಗೆ ಆಹಾರ ಸಿಗದಂತೆ ಮಾಡುವ ಅದೇ ಕೆಲಸ ಮೂಳೆಯನ್ನೂ ತೆಳುವಾಗಿಸುತ್ತದೆ, ಕೀಲುಗಳನ್ನೂ ಬಿಗಿಯಾಗಿಸುತ್ತದೆ.

ಆಮೇಲಿನ ಚಿಕಿತ್ಸೆಯಲ್ಲಿ ವಾರಕ್ಕೊಮ್ಮೆ 60,000 ಯೂನಿಟ್ ವಿಟಮಿನ್ ಡಿ, ಕ್ಯಾಲ್ಸಿಯಂ ಮತ್ತು ಆರು ತಿಂಗಳಿಗೊಮ್ಮೆ ಡ್ರಿಪ್ಪಿನಲ್ಲಿ, ಮೂಳೆ ಕರಗುವುದನ್ನು ತಡೆಯುವ 4 ಮಿಲಿಗ್ರಾಂ ಜೋಲೆಡ್ರೋನಿಕ್ ಆಮ್ಲ ಸೇರಿಕೊಂಡವು. ಜೋಲೆಡ್ರೋನಿಕ್ ಕೊಡುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ, ಕೀಳಬೇಕಾದ ಹಲ್ಲನ್ನು ಮೊದಲೇ ಕೀಳಿಸಿಕೊಳ್ಳಬೇಕು. ಆಮೇಲೆ ಕಿತ್ತರೆ ದವಡೆಯ ಮೂಳೆ ವಾಸಿಯಾಗದೆ ಉಳಿಯುವ ಅಪಾಯವಿದೆ. ಮೊದಲ ಡ್ರಿಪ್ ಆದ ಮರುದಿನ ಜ್ವರ ಬಂದು ಮೂಳೆಗಳೆಲ್ಲ ಅರೆದಂತಾದವು. ಹೀಗಾಗಬಹುದೆಂದು ನರ್ಸ್ ಹೇಳಿರದಿದ್ದರೆ ಆ ರಾತ್ರಿ ಇನ್ನೊಂದು ಭಯದಲ್ಲಿ ಕಳೆಯುತ್ತಿತ್ತು. ಬೆರಳುಗಳಿಗಾಗಿ, ಡಾಕ್ಟರ ಸೂಚನೆಯ ಮೇರೆಗೇ ಲೆಟ್ರೋಜೋಲನ್ನು ಕೆಲವು ವಾರ ನಿಲ್ಲಿಸಿ, ಅದೇ ಗುಂಪಿನ ಇನ್ನೊಂದು ಮಾತ್ರೆಯಾದ 25 ಮಿಲಿಗ್ರಾಂ ಎಕ್ಸೆಮೆಸ್ಟೇನ್‌ಗೆ ಬದಲಾಯಿಸಿದರು. ನೋವು ತಾಳಲಾರದೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುವ ಹೆಂಗಸರಿದ್ದಾರೆ. ಬದಲಿ ಮಾತ್ರೆಗಳಿವೆ ಎಂಬುದು ಅವರಿಗೆ ಗೊತ್ತಾಗಬೇಕು. ಇವೆಲ್ಲಕ್ಕಿಂತ ನನಗೆ ಹೆಚ್ಚು ಉಪಕಾರವಾದದ್ದು ನಡಿಗೆ ಮತ್ತು ಫಿಸಿಯೋಥೆರಪಿಯವರು ಕಲಿಸಿದ ವ್ಯಾಯಾಮ. ವಾರಕ್ಕೆ ಒಟ್ಟು 150 ನಿಮಿಷ ಚುರುಕಾಗಿ ನಡೆಯಿರಿ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಎಂದಿದ್ದರು. ಮೊದಲ ವಾರಗಳಲ್ಲಿ ನಡೆದರೇ ನೋವು ಹೆಚ್ಚಿದಂತೆನಿಸಿತು, ಅದನ್ನೂ ಬರೆದಿಟ್ಟೆ. ಮೂರನೆಯ ತಿಂಗಳಿಗೆ ಹಾಲಿನ ಪಾತ್ರೆಯನ್ನು ಒಂದೇ ಕೈಯಲ್ಲಿ ಎತ್ತಿದೆ.

ಭಯ ಪೂರ್ತಿ ಹೋಗಿಲ್ಲ. ಈಗ ರೇಡಿಯೇಷನ್ ಆದ ಬದಿಯ ಪಕ್ಕೆಲುಬಿನಲ್ಲಿ ಒತ್ತಿದರೆ ನೋವಿದೆ. ವಿಕಿರಣ ತಾಗಿದ ಪಕ್ಕೆಲುಬು ವರ್ಷಗಳ ಮೇಲೂ ನೋಯಬಹುದು, ಕೆಲವರಲ್ಲಿ ಬಿರುಕೂ ಬಿಡಬಹುದು ಎಂದು ತಿಳಿದಿದ್ದರೂ ಹೊಸ ಪುಟ ತೆರೆದಿದ್ದೇನೆ. ಎರಡು ವಾರ ತುಂಬುವ ಹೊತ್ತಿಗೆ ಇಳಿಯದಿದ್ದರೆ ಫೋನು ಮಾಡುತ್ತೇನೆ. ಎರಡು ವಾರ ಕಾಯಬಾರದ ಲಕ್ಷಣಗಳನ್ನು ಬೇರೆ ಚೀಟಿಯಲ್ಲಿ ಬರೆದು ಬೀರುವಿನ ಬಾಗಿಲಿಗೆ ಒಳಗಿನಿಂದ ಅಂಟಿಸಿ, ನಮ್ಮವರಿಗೂ ಓದಿಸಿದ್ದೇನೆ. ಬೆನ್ನುನೋವಿನ ಜೊತೆಗೆ ಕಾಲು ಸೋಲುವುದು, ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯದಿರುವುದು, ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಬೆನ್ನುಹುರಿ ಒತ್ತಿಹೋಗುತ್ತಿರಬಹುದು. ಅದೇ ದಿನ, ರಾತ್ರಿಯಾಗಿದ್ದರೂ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಅತಿಯಾದ ಬಾಯಾರಿಕೆ, ಮಲಬದ್ಧತೆ, ಮಂಕು ಕವಿದಂತಾಗುವುದು ಒಟ್ಟಿಗೆ ಬಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು, ಅದಕ್ಕೂ ಕೂಡಲೇ ತೋರಿಸಬೇಕು. ಚೀಟಿಯ ಕೆಳಗೆ ಆಸ್ಪತ್ರೆಯ ಫೋನ್ ನಂಬರ್, ನನ್ನ ಫೈಲ್ ನಂಬರ್ ಮತ್ತು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರುಗಳಿವೆ.