ಹೊಸ ಶಾಲೆ ಎಲ್ಲಿ ಕಟ್ಟಬೇಕು? ಸೈಟು ಹುಡುಕುವ ಮೊದಲು ಮಾಡಬೇಕಾದ ಕೆಲಸ

ಊರಿಗೆ ಹೊಸ ಸರ್ಕಾರಿ ಶಾಲೆ ಬೇಕು ಅಂತ ಮಾತು ಶುರುವಾದ ಕೂಡಲೇ ಏನಾಗುತ್ತದೆ ನೋಡಿ. ಯಾರೋ ಒಬ್ಬರು ‘ನಮ್ಮ ಹೊಲದ ಮೂಲೇಲಿ ಅರ್ಧ ಎಕರೆ ಕೊಡ್ತೀನಿ’ ಅನ್ನುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಲ್ಲಿಗೆ ಜಾಗ ತೀರ್ಮಾನ! ಆ ಮೂಲೆಗೆ ಯಾವ ಮಗು ಯಾವ ದಾರಿಯಲ್ಲಿ ಬರಬೇಕು ಎಂದು ಕೇಳುವವರೇ ಇರುವುದಿಲ್ಲ. ಜಾಗದ ಮಾತನ್ನು ಕೊನೆಗೆ ಇಟ್ಟುಕೊಳ್ಳಿ. ಅರ್ಧ ಜಗಳ ತಪ್ಪುತ್ತದೆ.

ಮೊದಲು ಎಣಿಕೆ. 6ರಿಂದ 14 ವರ್ಷದ ಮಕ್ಕಳ ಪಟ್ಟಿ ಮನೆ ಮನೆಗೆ ಹೋಗಿ ಬರೆಯಿರಿ. ಅಂಗನವಾಡಿ ಕಾರ್ಯಕರ್ತೆಯ ರಿಜಿಸ್ಟರನ್ನೂ ನೋಡಿ. ಮುಂದಿನ ಐದಾರು ವರ್ಷ ಒಂದನೇ ಕ್ಲಾಸಿಗೆ ಬರುವವರು ಅದರಲ್ಲಿದ್ದಾರೆ. ಖಾಸಗಿ ಶಾಲೆಯ ವ್ಯಾನ್ ಹತ್ತುವ ಮಕ್ಕಳನ್ನು ಬೇರೆಯಾಗಿ ಬರೆಯಿರಿ. ಹೊಸ ಕಟ್ಟಡ ಎದ್ದ ಕೂಡಲೇ ಅವರೆಲ್ಲ ಇಲ್ಲಿಗೆ ಬಂದುಬಿಡುತ್ತಾರೆ ಅನ್ನುವುದು ಸುಮ್ನೆ ಆಸೆ. ಕಬ್ಬು ಕಡಿಯಲು ಹೋದ ಕುಟುಂಬಗಳ ಮಕ್ಕಳನ್ನು ಮಾತ್ರ ಬಿಡಬೇಡಿ. ಮನೆಗೆ ಬೀಗ ಇದೆ ಅಂದರೆ ಮಗು ಇಲ್ಲ ಎಂದಲ್ಲ.

ಆಮೇಲೆ ನಡೆಯಿರಿ. ಇದೇ ಮುಖ್ಯ ಕೆಲಸ. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ 1ರಿಂದ 5ನೇ ತರಗತಿಗೆ 1 ಕಿ.ಮೀ., 6ರಿಂದ 8ಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ಅದು ನಡೆಯುವ ದೂರ, ಹಕ್ಕಿ ಹಾರುವ ದೂರ ಅಲ್ಲ. ಮಲೆನಾಡಿನಲ್ಲಿ ಹಳ್ಳದ ಆಚೆ ದಡದ ಶಾಲೆ ಮನೆಯಂಗಳಕ್ಕೇ ಕಾಣುತ್ತದೆ. ಜುಲೈನಲ್ಲಿ ಕಾಲುಸಂಕ ಕೊಚ್ಚಿಹೋದರೆ ಸುತ್ತಿ ಬಳಸಿ ಹೋಗಬೇಕು. ಬಯಲುಸೀಮೆಯಲ್ಲಿ ಹಳ್ಳದ ಬದಲು ಹೆದ್ದಾರಿ ಅಥವಾ ರೈಲು ಹಳಿ. ಪ್ರವಾಹ, ಭೂಕುಸಿತ, ರಸ್ತೆ ಇಲ್ಲದಿರುವುದು, ಹೀಗೆ ದಾರಿಯಲ್ಲಿ ಅಪಾಯವಿದ್ದರೆ ದೂರದ ಮಿತಿಯನ್ನೇ ಕಡಿಮೆ ಮಾಡಿ, ಅಪಾಯ ತಪ್ಪುವಂತೆ ಶಾಲೆ ಕೊಡಬೇಕು ಎಂದು ನಿಯಮವೇ ಹೇಳುತ್ತದೆ. ಇದನ್ನು ಅರ್ಜಿಯಲ್ಲಿ ಬರೆಯುವುದನ್ನು ಮರೆಯಬೇಡಿ. ಸಾಧ್ಯವಾದರೆ ಆರು ವರ್ಷದ ಮಗುವಿನ ಜೊತೆಗೇ, ಮಳೆಗಾಲದಲ್ಲೇ ಒಮ್ಮೆ ನಡೆದು, ಎಷ್ಟು ಹೊತ್ತಾಯಿತು ಎಂದು ಬರೆದುಕೊಳ್ಳಿ.

ಪಟ್ಟಿ, ದಾರಿಯ ನಕ್ಷೆ ಎರಡನ್ನೂ ಗ್ರಾಮಸಭೆಗೆ ಒಯ್ಯಿರಿ. ‘ಶಾಲೆ ಊರೊಳಗೇ ಇರಲಿ’ ಅನ್ನುವವರ ದನಿ ಅಲ್ಲಿ ಯಾವಾಗಲೂ ಜೋರು. ಕಾಲೋನಿಯವರು, ತಾಂಡಾದವರು, ಹಟ್ಟಿಯವರು ಹಿಂದೆ ನಿಂತಿರುತ್ತಾರೆ. ಒಂದೇ ಜಾತಿಯ ಬೀದಿಯ ನಡುವೆಯೋ ದೇವಸ್ಥಾನದ ಪೌಳಿಯೊಳಗೋ ಶಾಲೆ ಕಟ್ಟಿದರೆ ಕೆಲವು ಮಕ್ಕಳಿಗೆ ಅದು ಹತ್ತಿರವಿದ್ದೂ ದೂರವೇ. ಸಭೆಯಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳಲ್ಲ, ಅಲ್ವಾ? ಅದಕ್ಕೇ ಎಲ್ಲ ಕೇರಿಗೂ ಸೇರಿದ, ಎಲ್ಲರೂ ಓಡಾಡುವ ಜಾಗವೇ ಮೇಲು. ಮಕ್ಕಳ ಗ್ರಾಮಸಭೆಯಲ್ಲೂ ಕೇಳಿ. ಯಾವ ತಿರುವಿನಲ್ಲಿ ನಾಯಿ, ಎಲ್ಲಿ ಲಾರಿ, ಯಾವ ಅಂಗಡಿ ಮುಂದೆ ಕುಡುಕರು ಅನ್ನುವುದು ಅವರಿಗೇ ಜಾಸ್ತಿ ಗೊತ್ತು. ತೀರ್ಮಾನವಾದದ್ದನ್ನು ಸರ್ವೆ ನಂಬರ್ ಸಮೇತ ನಡಾವಳಿಯಲ್ಲಿ ಬರೆಸಿ.

ಈಗ ಸೈಟು. ಕೆರೆ ಅಂಗಳ ಬೇಡ, ಹೈಟೆನ್ಷನ್ ಲೈನ್ ಕೆಳಗೆ ಬೇಡ. ಕುಡಿಯುವ ನೀರು ಸಿಗಬೇಕು. ಕೊಠಡಿಗಳಷ್ಟೇ ಹಿಡಿಸಿದರೆ ಸಾಲದು. ಆಟದ ಮೈದಾನ, ಬಿಸಿಯೂಟದ ಅಡುಗೆಮನೆ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕಾಂಪೌಂಡು, ಎಲ್ಲವನ್ನೂ ಕಾಯ್ದೆಯೇ ಕೇಳುತ್ತದೆ. ಗೋಮಾಳವಾದರೆ ತಹಶೀಲ್ದಾರ್ ಕಚೇರಿಗೆ ಅರ್ಜಿ. ದಾನದ ಜಾಗವಾದರೆ ಬಾಯಿಮಾತು ನಂಬಬೇಡಿ. ಅಜ್ಜ ಖುಷಿಯಿಂದ ಕೊಟ್ಟ ಜಾಗಕ್ಕೆ ಮೊಮ್ಮಕ್ಕಳು ಕೋರ್ಟಿಗೆ ಹೋಗುತ್ತಾರೆ. ದಾನಪತ್ರ ನೋಂದಣಿಯಾಗಿ, ಖಾತೆ ಬದಲಾದ ಮೇಲೆಯೇ ಗುದ್ದಲಿ ಪೂಜೆ.

ಅರ್ಜಿ ಸಿಆರ್‌ಪಿ (ಸುತ್ತಲಿನ ಕೆಲವು ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಅಲ್ಲಿಂದ ಡಿಡಿಪಿಐಗೆ (ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು) ಹೋಗುತ್ತದೆ. ಮಕ್ಕಳು ಕಡಿಮೆ, ಹೊಸ ಶಾಲೆ ಆಗದು ಎಂಬ ಉತ್ತರ ಬಂದರೂ ಫೈಲು ಮುಚ್ಚಬೇಡಿ. ಹತ್ತಿರ ಶಾಲೆಯಿಲ್ಲದ ಚಿಕ್ಕ ವಸತಿಯ ಮಕ್ಕಳಿಗೆ ಉಚಿತ ವಾಹನದಂಥ ವ್ಯವಸ್ಥೆ ಮಾಡಬೇಕು ಎಂದೂ ನಿಯಮದಲ್ಲಿದೆ. ಊರಿನಲ್ಲಿ ಐದನೇ ತರಗತಿವರೆಗೆ ಶಾಲೆ ಇದ್ದರೆ ಅದನ್ನೇ ಹಿರಿಯ ಪ್ರಾಥಮಿಕಕ್ಕೆ ಏರಿಸಿ ಎಂದು ಕೇಳಬಹುದು. ಎರಡಕ್ಕೂ ಅದೇ ಪಟ್ಟಿ, ಅದೇ ನಕ್ಷೆ ಲಗತ್ತಿಸಿ. ಸ್ವೀಕೃತಿ ಪತ್ರ ಕೇಳಿ ಪಡೆದುಕೊಳ್ಳಿ.