ಗೋಡೆ ಒಣಗಲೆಂದು ಕಾದ ವರ್ಷಗಳು

ನಾನು ಮತ್ತು ನನ್ನ ಪತಿ ಈ ಮನೆಯ ಬೀಗ ತೆಗೆದು ನಾಲ್ಕು ವರ್ಷಗಳಾದವು. ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ನೂರು ವರ್ಷಕ್ಕೂ ಹಿಂದೆ ಕಟ್ಟಿದ, ಎರಡು ಅಂತಸ್ತಿನ, ಹೆಂಚು ಹೊದಿಸಿದ ಮನೆ ಇದು; ನಾವು ಬರುವ ಹೊತ್ತಿಗೆ 22 ವರ್ಷಗಳಿಂದ ಇಲ್ಲಿ ಯಾರೂ ವಾಸವಿರಲಿಲ್ಲ. ಇಂದಿಗೂ ನಾವು ಕೆಳಗಿನ ಮೂರು ಕೋಣೆಗಳಲ್ಲಷ್ಟೇ ಇದ್ದೇವೆ. ಮೇಲಂತಸ್ತಿನ ನೆಲವನ್ನು ಹೊತ್ತ ಒಂದು ತೊಲೆಗೆ ಇನ್ನೂ ಆಸರೆಯ ಕಂಬ ಕೊಟ್ಟೇ ಇದೆ. ಇಷ್ಟು ನಿಧಾನವೇಕೆ ಎಂದು ನೋಡಲು ಬಂದವರೆಲ್ಲ ಕೇಳುತ್ತಾರೆ. ನೀರು ಒಳಗೆ ಬರುವ ದಾರಿಗಳನ್ನು ಮುಚ್ಚಿ, ಗೋಡೆಯನ್ನೂ ಮರವನ್ನೂ ಅವುಗಳ ಗತಿಯಲ್ಲೇ ಒಣಗಲು ಬಿಡದ ಹೊರತು ಮಿಕ್ಕ ಯಾವ ಕೆಲಸವೂ ನಿಲ್ಲುವುದಿಲ್ಲ ಎಂಬುದನ್ನು ನಾವು ಸ್ವಲ್ಪ ಓದಿ, ಹೆಚ್ಚಾಗಿ ಕೈಸುಟ್ಟುಕೊಂಡು ಕಲಿತೆವು. ಹಳೆಯ ಮನೆಯೊಂದನ್ನು ಕೈಗೆತ್ತಿಕೊಳ್ಳಲಿರುವವರಿಗೆ ಉಪಯೋಗವಾದೀತೆಂದು ಆ ವಿವರಗಳನ್ನು ಬರೆಯುತ್ತಿದ್ದೇನೆ.

ಕೊಳ್ಳುವ ಮುನ್ನ ಮನೆಯನ್ನು ಮೂರು ಸಲ ನೋಡಿದ್ದೆವು. ಮೂರು ಸಲವೂ ಒಳ್ಳೆಯ ಬಿಸಿಲಿತ್ತು. ನಾಲ್ಕನೆಯ ಸಲ ಬೇಕೆಂದೇ ಜೋರು ಮಳೆಯಲ್ಲಿ ಹೋಗಿ, ಮೊದಲು ಛತ್ರಿ ಹಿಡಿದು ಹೊರಗೆ ಒಂದು ಸುತ್ತು ಹಾಕಿ, ಆಮೇಲೆ ಟಾರ್ಚ್ ಹಿಡಿದು ಒಳಗಿನ ಒಂದೊಂದು ಕೋಣೆಯಲ್ಲೂ ಹತ್ತು ಹತ್ತು ನಿಮಿಷ ನಿಂತೆವು. ಬಿಸಿಲಿನಲ್ಲಿ ಕಾಣದೆ ಉಳಿದದ್ದೆಲ್ಲ ಆಗ ಕಂಡಿತು. ಹಿಂಬದಿಯ ಸೂರಿನ ದೋಣಿ ಬೆಸುಗೆ ಬಿಟ್ಟಿದ್ದ ಜಾಗದಿಂದ ನೀರು ನೇರವಾಗಿ ಗೋಡೆಯ ಮೈಮೇಲೆ ಇಳಿಯುತ್ತಿತ್ತು. ಒಳಗಡೆ, ಸರಿಯಾಗಿ ಅದೇ ನೇರಕ್ಕೆ, ಮೇಲಂತಸ್ತಿನ ನೆಲವನ್ನು ಹೊತ್ತ ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿತ್ತು. ತೇವಮಾಪಕದ ಎರಡು ಮುಳ್ಳುಗಳನ್ನು ಆ ತುದಿಗೆ ಚುಚ್ಚಿದಾಗ ಶೇ. 31 ತೋರಿಸಿತು. ಅದೇ ತೊಲೆಯ ನಡುಭಾಗದಲ್ಲಿ ಶೇ. 14 ಇತ್ತು. ಮರದ ತೇವ ಶೇ. 20ಕ್ಕಿಂತ ಕೆಳಗಿರುವವರೆಗೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯಲಾರದು ಎಂಬ ಒಂದೇ ಸಂಗತಿ ತಿಳಿದಿದ್ದರೂ ಸಾಕು, ಈ ಎರಡು ಅಂಕಿಗಳ ಅರ್ಥ ಆಗುತ್ತದೆ. ನೂರು ವರ್ಷ ಭಾರ ಹೊತ್ತ ತೊಲೆಗೆ ಕೇಡು ತಂದದ್ದು ದೋಣಿಯ ಒಂದು ಬೆಸುಗೆ.

ಖಾಲಿ ಬಿದ್ದ ಮನೆ ಕೆಡುವ ರೀತಿಯೇ ಇದು. ಜನ ಇರುವ ಮನೆಯಲ್ಲಿ ಹೆಂಚು ಜಾರಿದರೆ ಆ ವಾರವೇ ಯಾರಾದರೂ ಏಣಿ ಹಾಕುತ್ತಾರೆ. ದೋಣಿಯಲ್ಲಿ ಎಲೆ ಕಟ್ಟಿಕೊಂಡರೆ ಬಾಚಿ ತೆಗೆಯುತ್ತಾರೆ. ಬೆಳಗಾದರೆ ಕಿಟಕಿ ತೆರೆಯುವುದರಿಂದ ಒಳಗಿನ ತೇವ ಗಾಳಿಗೆ ಹೋಗುತ್ತದೆ. ಯಾರೂ ಇಲ್ಲದ ಮನೆಯಲ್ಲಿ ಜಾರಿದ ಹೆಂಚಿನಿಂದ ರೀಪಿಗೆ, ರೀಪಿನಿಂದ ಅದರ ಕೆಳಗಿನ ಮರಕ್ಕೆ, ಅಲ್ಲಿಂದ ಗೋಡೆಗೆ ನೀರು ವರ್ಷಗಟ್ಟಲೆ ಇಳಿಯುತ್ತಲೇ ಇರುತ್ತದೆ.

ಹಾಗಾಗಿ ಮೊದಲ ವರ್ಷ ನಾವು ಮಾಡಿದ್ದು ಹೆಚ್ಚಾಗಿ ಚಾವಣಿ, ದೋಣಿ ಮತ್ತು ಹೊರಗಿನ ನೆಲದ ಕೆಲಸ. ಒಂದು ಬದಿಯಿಂದ ಹೆಂಚುಗಳನ್ನೆಲ್ಲ ಇಳಿಸಿ, ಗಟ್ಟಿಯಾದವನ್ನು ಬೆರಳ ಗೆಣ್ಣಿನಿಂದ ತಟ್ಟಿ ಆರಿಸಿದೆವು. ಒಡಕಿಲ್ಲದ ಹೆಂಚು ಗಣಗಣ ಎನ್ನುತ್ತದೆ, ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದು ಮಂದವಾಗುತ್ತದೆ. ಉಳಿದವು ಸಾಲದೆ ಬಂದ ಕಡೆ ಅದೇ ಅಳತೆಯ ಹಳೆಯ ಹೆಂಚುಗಳನ್ನು ತಂದು, ಅವನ್ನು ಹಿಂಬದಿಗೆ ಹಾಕಿ, ಮನೆಯ ಮೂಲ ಹೆಂಚುಗಳನ್ನು ಮುಂಭಾಗಕ್ಕೆ ಉಳಿಸಿಕೊಂಡೆವು. ನೆಲದ ಕೆಲಸ ನಾವು ಎಣಿಸಿದ್ದಕ್ಕಿಂತ ದೊಡ್ಡದಾಯಿತು. ಎಷ್ಟೋ ವರ್ಷಗಳ ಕಸ, ಎಲೆಗೊಬ್ಬರ, ಕೊಚ್ಚಿಬಂದ ಮಣ್ಣು ಸೇರಿ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಒಂದಡಿ ಮೇಲೆ ಬಂದಿತ್ತು, ಅಂದರೆ ಗೋಡೆಯ ಬುಡ ಸದಾ ಹಸಿಮಣ್ಣಿನಲ್ಲಿ ಹೂತಿತ್ತು. ಆ ಮಣ್ಣನ್ನು ಒಳನೆಲಕ್ಕಿಂತ 15 ಸೆಂ.ಮೀ. ಕೆಳಕ್ಕೆ ಇಳಿಸಿ, ಗೋಡೆಯಿಂದ ಹೊರಕ್ಕೆ ಇಳಿಜಾರು ಕೊಟ್ಟು, ಮಳೆನೀರು ಹರಿದುಹೋಗಲು ಜಲ್ಲಿ ತುಂಬಿದ ಕಾಲುವೆ ತೆಗೆದೆವು. ಹಳೆಯ ಮನೆಗಳ ಪಾಯ ಬಹಳ ಆಳಕ್ಕೆ ಹೋಗಿರುವುದಿಲ್ಲವಾದ್ದರಿಂದ ಇದನ್ನು ಒಮ್ಮೆಲೇ ಅಗೆಯಬಾರದು. ನಾವು ಮೊದಲು ಒಂದು ಗುಂಡಿ ತೆಗೆದು ಪಾಯದ ತಳ ಎಲ್ಲಿದೆ ಎಂದು ನೋಡಿಕೊಂಡು, ಆಮೇಲೆ ಒಂದೊಂದು ಮೀಟರಿನಂತೆ ಮುಂದುವರಿದೆವು.

ಅದೇ ವರ್ಷ ನನ್ನ ಪತಿ ಮನೆಯಲ್ಲಿದ್ದ ಬಿರುಕುಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟರು. ಪ್ರತಿ ಬಿರುಕಿನ ಎರಡು ಬದಿಗೂ ಪೆನ್ಸಿಲ್‌ನಿಂದ ಒಂದೊಂದು ಗುರುತು, ನಡುವಿನ ಅಂತರ, ತಾರೀಕು. ತಿಂಗಳಿಗೊಮ್ಮೆ ಮತ್ತೆ ಅಳತೆ. ಮೆಟ್ಟಿಲ ಪಕ್ಕದ ಬಿರುಕು ನೋಡಿ ಪಾಯವನ್ನೇ ಬಲಪಡಿಸಬೇಕೆಂದು ಇಬ್ಬರು ನಮಗೆ ಹೇಳಿದ್ದರು. ಹನ್ನೆರಡು ತಿಂಗಳ ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದು ಒಣ ತಿಂಗಳುಗಳಲ್ಲಿ ಅರ್ಧ ಮಿಲಿಮೀಟರಿನೊಳಗೆ ತೆರೆದುಕೊಂಡು, ಮಳೆಯ ತಿಂಗಳುಗಳಲ್ಲಿ ಮತ್ತೆ ಮುಚ್ಚಿಕೊಳ್ಳುತ್ತಿದ್ದದ್ದು ತಿಳಿಯಿತು. ಅಳತೆಗಳನ್ನು ನೋಡಿದ ಎಂಜಿನಿಯರ್ ಅದನ್ನು ಸುಣ್ಣದ ಗಾರೆಯಿಂದ ತುಂಬಿದರೆ ಸಾಕೆಂದರು. ಆ ಪುಸ್ತಕ ಇಲ್ಲದಿದ್ದರೆ ನಾವು ಗಾಬರಿಯಲ್ಲಿ ಪಾಯ ಅಗೆಸಿಬಿಡುತ್ತಿದ್ದೆವು.

ಇನ್ನು ನಾವು ಮಾಡಿದ ತಪ್ಪು. ಏಳನೆಯ ತಿಂಗಳಲ್ಲಿ, ಬೇಗ ಬಂದು ನೆಲೆಸುವ ಆಸೆಯಿಂದ, ಮುಂದಿನ ಕೋಣೆಯ ಒಳಗೋಡೆಗೆ ನೀರು ತಡೆಯುವ ಪುಡಿ ಬೆರೆಸಿದ ಸಿಮೆಂಟ್ ಗಿಲಾವು ಮಾಡಿಸಿದೆವು. ಮಾಡಿಕೊಟ್ಟವರು ಇನ್ನು ತೇವದ ಮಾತೇ ಇಲ್ಲ ಎಂದಿದ್ದರು. ಐದು ತಿಂಗಳಲ್ಲಿ, ಮೊದಲು ಮೊಣಕಾಲೆತ್ತರದಲ್ಲಿದ್ದ ತೇವದ ಗೆರೆ ಎದೆಮಟ್ಟಕ್ಕೆ ಏರಿ, ಗಿಲಾವು ಮುಗಿದ ಅಂಚಿನ ಮೇಲೆ ಬಿಳಿಯ ಉಪ್ಪು ಹತ್ತಿಯ ಎಳೆಗಳ ಹಾಗೆ ಹೊರಬಂತು. ಸುಣ್ಣದ ಕೆಲಸ ಬಲ್ಲ ವಯಸ್ಸಾದ ಮೇಸ್ತ್ರಿಯೊಬ್ಬರನ್ನು ಕರೆತಂದು ತೋರಿಸಿದೆವು. ಅವರು ಕರಣೆಯ ಹಿಡಿಯಿಂದ ಗೋಡೆಯ ಮೇಲೆ ಅಲ್ಲಲ್ಲಿ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಕೈಯಿಟ್ಟು, “ಗೋಡೆಗೆ ಮೂಗು ಮುಚ್ಚಿಬಿಟ್ಟಿದ್ದೀರಿ ಅಮ್ಮ, ಒಳಗಿನ ನೀರು ಇನ್ನೆಲ್ಲಿಗೆ ಹೋಗಬೇಕು?” ಎಂದರು.

ಅವರ ಮಾತಿನ ಹಿಂದಿನ ಕಾರಣವನ್ನು ಆಮೇಲೆ ಓದಿ ತಿಳಿದುಕೊಂಡೆ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಅದು ಸಾಮಾನ್ಯ ಮನೆಗಳ ಗೋಡೆಯವರೆಗೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಅದಕ್ಕೂ ಮುಂಚಿನ ಕ್ರಮದಲ್ಲಿ ಕಟ್ಟಿದ ಗೋಡೆಯಲ್ಲಿ ಇಟ್ಟಿಗೆಗಿಂತ ಸಂದಿನ ಗಾರೆ ಮೆದು. ನೆಲದಿಂದಲೋ ಮಳೆಯಿಂದಲೋ ಗೋಡೆಗೆ ಸೇರಿದ ನೀರು ಆ ಮೆದು ಸುಣ್ಣದ ಮೂಲಕ ಹೊರಬಂದು ಆರಿಹೋಗುತ್ತದೆ. ನೀರಿನೊಡನೆ ಬಂದ ಉಪ್ಪು ಸಂದಿನಲ್ಲೇ ಹರಳುಗಟ್ಟಿ, ಕೆಡುವುದಿದ್ದರೆ ಗಾರೆ ಮೊದಲು ಕೆಡುತ್ತದೆ. ಗಾರೆಯನ್ನು ಮತ್ತೆ ತುಂಬಬಹುದು. ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಹೊರಬರುವ ದಾರಿ ಕಟ್ಟಿಹೋಗಿ, ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಸಿಡಿಸುತ್ತದೆ. ನಮ್ಮ ಸಿಮೆಂಟ್ ಗಿಲಾವನ್ನು ಉಳಿ ಮತ್ತು ಸಣ್ಣ ಸುತ್ತಿಗೆಯಿಂದ ಕೆತ್ತಿ ತೆಗೆದಾಗ ಇದನ್ನು ಕಣ್ಣಾರೆ ಕಂಡೆವು: ಹಪ್ಪಳದಷ್ಟು ತೆಳ್ಳಗೆ ಇಟ್ಟಿಗೆಯ ಚರ್ಮ ಗಿಲಾವಿಗೆ ಅಂಟಿಕೊಂಡೇ ಬಂತು, ಒಳಗಿನ ಭಾಗ ಬೆರಳು ತಾಗಿದರೆ ಪುಡಿಯಾಗುವಂತಿತ್ತು. ಆ ಒಂದು ಗೋಡೆಯಲ್ಲಿ 46 ಇಟ್ಟಿಗೆಗಳನ್ನು ಬದಲಿಸಬೇಕಾಯಿತು. ಅವುಗಳ ವಿಷಯದಲ್ಲಿ ನನಗೆ ಇಂದಿಗೂ ನೋವಿದೆ. ಮನೆಯನ್ನು ಉಳಿಸಲೆಂದು ಬಂದವರ ಕೈಯಿಂದಲೇ ಅವು ಹೋದವು.

ಹಳೆಯ ಗೋಡೆಗಳ ಕೆಲಸದಲ್ಲಿ ಬಳಕೆಯಲ್ಲಿರುವ ಒಂದು ಸ್ಥೂಲ ಲೆಕ್ಕದ ಪ್ರಕಾರ, ನೀರಿನ ಮೂಲ ನಿಂತ ಮೇಲೆ ಗೋಡೆಯ ದಪ್ಪದಲ್ಲಿ ಒಂದಂಗುಲ ಒಣಗಲು ಸುಮಾರು ಒಂದು ತಿಂಗಳು ಬೇಕು. ನಮ್ಮ ಗೋಡೆ ಹದಿನೆಂಟು ಅಂಗುಲ ದಪ್ಪ. ಒಂದೂವರೆ ವರ್ಷ ಇಟ್ಟಿಗೆಗಳನ್ನು ಬರಿಮೈಯಲ್ಲಿ ಬಿಟ್ಟು, ಮಳೆಯಿಲ್ಲದ ದಿನಗಳಲ್ಲಿ ಕಿಟಕಿಗಳನ್ನು ತೆರೆದಿಟ್ಟು, ಮೇಲೆ ಬಂದ ಉಪ್ಪನ್ನು ಒಣ ಬ್ರಷ್‌ನಿಂದ ಕೆರೆದು ಮೊರದಲ್ಲಿ ಹಿಡಿದು ಹೊರಗೆ ಹಾಕುತ್ತಿದ್ದೆವು. ಅದನ್ನು ನೀರಿನಿಂದ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ.

ಸಂದು ತುಂಬುವ ಕೆಲಸವನ್ನು ನಾವಿಬ್ಬರೂ ಆ ಮೇಸ್ತ್ರಿಯವರಿಂದಲೇ ಕಲಿತೆವು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿದಾಗ ಕುದಿದು ಅರಳುತ್ತದೆ. ಗೋಡೆಯಲ್ಲಿ ಕೂತ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಮೆಲ್ಲಗೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಅರಳುವಾಗ ಸಿಡಿಯುವ ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯವಾದ್ದರಿಂದ ಕನ್ನಡಕ ಮತ್ತು ಕೈಗವಸು ಇಲ್ಲದೆ ನಾವು ಅದರ ಹತ್ತಿರ ಹೋದದ್ದಿಲ್ಲ. ಅರಳಿಸಿದ ಸುಣ್ಣವನ್ನು ನೀರಿನ ಕೆಳಗೆ ಮೂರು ತಿಂಗಳು ಮಾಗಲು ಬಿಟ್ಟು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಒರಟು ಮರಳು ಸೇರಿಸಿದೆವು. ಹಳೆಯ ಗಾರೆಯನ್ನು ಸಂದಿನ ಅಗಲದ ಎರಡರಷ್ಟು ಆಳಕ್ಕಾದರೂ ಕೈಯಿಂದಲೇ ಕೆರೆದು ತೆಗೆಯಬೇಕು. ಯಂತ್ರದ ಗರಗಸ ಒಂದು ಕ್ಷಣ ಜಾರಿದರೂ ಇಟ್ಟಿಗೆಯ ಅಂಚು ಹೋಗುತ್ತದೆ. ಸಂದನ್ನು ನೀರು ಚಿಮುಕಿಸಿ ತಣಿಸಿ, ಸಣ್ಣ ಕರಣೆಯಿಂದ ಗಾರೆಯನ್ನು ಒತ್ತಿ ಒತ್ತಿ ತುಂಬಿ, ಕೈಬಿಟ್ಟು ಕಾಯಬೇಕು. ಹೆಬ್ಬೆರಳು ಒತ್ತಿದರೆ ತಗ್ಗು ಬೀಳಬಾರದು, ಉಗುರಿನಿಂದ ಗೀಚಿದರೆ ಗೆರೆ ಮೂಡಬೇಕು. ಆ ಹದಕ್ಕೆ ಬಂದಾಗ ಗಡುಸು ಬ್ರಷ್‌ನಿಂದ ತಟ್ಟಿದರೆ ಮೇಲಿನ ಹಾಲುಪದರ ಹೋಗಿ ಮರಳಿನ ಕಾಳುಗಳು ಕಾಣುತ್ತವೆ, ಬಿಟ್ಟ ಸಣ್ಣ ಬಿರುಕುಗಳೂ ಕೂಡಿಕೊಳ್ಳುತ್ತವೆ. ಆಮೇಲೆ ವಾರಗಟ್ಟಲೆ ಒದ್ದೆ ಗೋಣಿತಾಟು ಇಳಿಬಿಟ್ಟು ಬಿಸಿಲಿನಿಂದ ಕಾಪಾಡಿದೆವು. ದಿನಕ್ಕೆ ಇಬ್ಬರೂ ಸೇರಿ ಒಂದು ಚದರ ಮೀಟರ್ ಮುಗಿಸಿದರೆ ಅದು ಒಳ್ಳೆಯ ದಿನ.

ವಿದ್ಯುತ್ತು ಮತ್ತು ನೀರಿನ ಕೊಳವೆಗಳ ಕೆಲಸವನ್ನು ಪರವಾನಗಿ ಇದ್ದವರಿಗೇ ಬಿಟ್ಟೆವು. ಗೋಡೆ ಕೊರೆಯದೆ ಹೊರಮೈಯಲ್ಲೇ ತಂತಿಗಳನ್ನು ಒಯ್ಯಬೇಕೆಂಬುದೊಂದೇ ನಮ್ಮ ಷರತ್ತು.

ಕಿಟಕಿಗಳ ವಿಷಯದಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿತ್ತು. ಹನ್ನೊಂದರಲ್ಲಿ ಏಳು ಕಿಟಕಿಗಳ ಕೆಳಪಟ್ಟಿ ಕೊಳೆತಿತ್ತು. ಹೊಸದನ್ನೇ ಮಾಡಿಸೋಣವೆಂದು ಅವರು, ಇರುವುದನ್ನು ಉಳಿಸೋಣವೆಂದು ನಾನು. ಒಂದನ್ನು ಬಿಚ್ಚಿ ಬಡಗಿಯವರಿಗೆ ತೋರಿಸಿದಾಗ ಕೊಳೆತದ್ದು ಕೆಳಗಿನ ಒಂದು ಗೇಣು ಮಾತ್ರ, ಮೇಲಿನ ಮರ ಉಳಿಗೂ ಜಗ್ಗದಷ್ಟು ಗಟ್ಟಿ ಎಂದು ತಿಳಿಯಿತು. ಕೊಳೆತ ಭಾಗವನ್ನು ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಮರದ ತುಂಡನ್ನು ಓರೆ ಬೆಸುಗೆಯಲ್ಲಿ ಕೂಡಿಸಿ, ಅಗಸೆ ಎಣ್ಣೆ ಮತ್ತು ಸೀಮೆಸುಣ್ಣದ ಪುಡಿಯ ಪುಟ್ಟಿಯಿಂದ ಹಳೆಯ ಗಾಜುಗಳನ್ನೇ ಮತ್ತೆ ಕೂಡಿಸಿದೆವು. ಆ ಗಾಜುಗಳಲ್ಲಿ ಅಲೆಗಳಿವೆ, ಒಂದೆರಡು ಗಾಳಿಗುಳ್ಳೆಗಳಿವೆ. ಸಂಜೆಯ ಬೆಳಕು ಅವುಗಳ ಮೂಲಕ ನೆಲಕ್ಕೆ ಬಿದ್ದಾಗ ನೀರಿನಂತೆ ಕದಲುತ್ತದೆ. ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಲೇಬೇಕು. ಹಳೆಯ ಬಣ್ಣದಲ್ಲಿ ಸೀಸ ಇರುವುದು ತೀರ ಸಾಮಾನ್ಯ. ಅಮೆರಿಕದಲ್ಲಿ ಮನೆಬಳಕೆಗೆ ಅದನ್ನು ನಿಷೇಧಿಸಿದ್ದೇ 1978ರಲ್ಲಿ. ಅದರ ಧೂಳು ಮಕ್ಕಳ ಮಿದುಳಿಗೆ ಹಾನಿ ಮಾಡುವುದರಿಂದ ಬಣ್ಣವನ್ನು ಪರೀಕ್ಷಿಸಿ, ಒಣಗಿದ್ದಾಗ ಉಪ್ಪುಕಾಗದ ಹಾಕದೆ, ಒದ್ದೆ ಮಾಡಿಯೇ ಕೆರೆಯಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅವು ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲವು. ನಾವು ಅವನ್ನು ಹೊರಗೆ ಒಂದೊಂದಾಗಿ ಹರವಿ ಒಣಗಿಸುತ್ತೇವೆ.

ಕಳೆದುಹೋದದ್ದನ್ನು ಎಷ್ಟರಮಟ್ಟಿಗೆ ಮತ್ತೆ ಮಾಡಬೇಕು ಎಂಬ ಪ್ರಶ್ನೆ ಮೆಟ್ಟಿಲ ಹತ್ತಿರ ಎದುರಾಯಿತು. ಸ್ಮಾರಕಗಳ ಸಂರಕ್ಷಣೆ ಕುರಿತ 1964ರ ವೆನಿಸ್ ಸನ್ನದು, ಊಹೆ ಆರಂಭವಾಗುವಲ್ಲಿ ಪುನರುದ್ಧಾರ ನಿಲ್ಲಬೇಕು ಎನ್ನುತ್ತದೆ. ಹೊಸದಾಗಿ ಸೇರಿಸಿದ ಭಾಗ ಒಟ್ಟಿಗೆ ಹೊಂದಿಕೊಂಡರೂ ಮೂಲದಿಂದ ಬೇರೆಯೆಂದು ಗುರುತಿಸುವಂತಿರಬೇಕು ಎಂದೂ ಹೇಳುತ್ತದೆ. ನಮ್ಮದು ಸ್ಮಾರಕವಲ್ಲ, ಆದರೂ ಆ ಮಾತನ್ನು ನಾವು ಮನಃಪೂರ್ವಕ ಒಪ್ಪಿಕೊಂಡಿದ್ದೇವೆ. ಮೆಟ್ಟಿಲ ಕಟಾಂಜನದಲ್ಲಿ ಒಂಬತ್ತು ಕಡ್ಡಿಗಳಿಲ್ಲ, ಆದರೆ ಉಳಿದವು ಕಣ್ಣ ಮುಂದಿವೆ. ಅವುಗಳ ಅಳತೆಯಲ್ಲೇ ಕಡೆಸಿ, ಅಡಿಯಲ್ಲಿ ಮಾಡಿದ ವರ್ಷ ಕೊರೆಸಿ ಕೂಡಿಸಿದೆವು. ಮುಂಬಾಗಿಲ ಮೇಲೆ ಒಂದು ಕೆತ್ತನೆಯ ಹಲಗೆ ಇದ್ದದ್ದಕ್ಕೆ ನಾಲ್ಕು ಮೊಳೆಯ ತೂತುಗಳು ಮಾತ್ರ ಸಾಕ್ಷಿ, ಚಿತ್ರವೊಂದೂ ಸಿಕ್ಕಿಲ್ಲ. ಅಲ್ಲಿ ಬರಿಯ ಹಲಗೆ ಹಾಕಿದ್ದೇವೆ.

ಆಸರೆಯ ಕಂಬದ ಮೇಲೆ ನಿಂತಿರುವ ಆ ತೊಲೆಯ ತುದಿಯನ್ನು ಪ್ರತಿ ತಿಂಗಳ ಮೊದಲ ದಿನ ಅಳೆಯುತ್ತೇವೆ. ಶೇ. 31 ಇದ್ದದ್ದು ಎರಡನೆಯ ವರ್ಷ 24ಕ್ಕೆ, ಕಳೆದ ವರ್ಷ 19ಕ್ಕೆ ಬಂತು; ಈ ತಿಂಗಳು ಶೇ. 16. ಎರಡಡಿ ಕೊಳೆತ ಭಾಗ ತೆಗೆದು ಹೊಸ ಮರ ಕೂಡಿಸಲು ಬಡಗಿಯವರು ಮುಂದಿನ ತಿಂಗಳು ಬರುತ್ತಾರೆ. ಕತ್ತರಿಸಬೇಕಾದ ಗೆರೆಯನ್ನು ನನ್ನ ಪತಿ ನಿನ್ನೆ ಪೆನ್ಸಿಲ್‌ನಿಂದ ಎಳೆದು, ಪಕ್ಕದಲ್ಲಿ ತಾರೀಕು ಬರೆದಿದ್ದಾರೆ.