ಡಿಸೈನ್ ಥಿಂಕಿಂಗ್ ತಂಡವಾಗಿ ಕಲಿಯಲು ಐದು ದಿನ: ನಾಲ್ಕು ಬೆಳಗ್ಗೆ ಹೊರಗೆ

ಬಳಸುವ ಜನರನ್ನು ಮೊದಲು ಅರಿತು, ಆಮೇಲೆ ಪರಿಹಾರ ಹುಡುಕುವ ವಿಧಾನವೇ ಡಿಸೈನ್ ಥಿಂಕಿಂಗ್. ಅದರ ತರಬೇತಿ ಎಂದರೆ ಬಹಳ ಕಡೆ ಒಂದು ಎಸಿ ಕೋಣೆ, ಗೋಡೆ ತುಂಬ ಬಣ್ಣದ ಚೀಟಿ, ಸಂಜೆ ಹೊತ್ತಿಗೆ ‘ಒಂದು ಆಪ್ ಮಾಡೋಣ’ ಎಂಬ ತೀರ್ಮಾನ. ಸಮಯವೆಲ್ಲ ಐಡಿಯಾಕ್ಕೇ ಹೋಗಿ, ಜನರ ಹತ್ತಿರ ಹೋಗಲು ಉಳಿಯುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನ್ಯಾಸ ಸಂಸ್ಥೆ ಡಿ.ಸ್ಕೂಲ್ ಪ್ರಚಾರಕ್ಕೆ ತಂದ ಐದು ಹಂತಗಳು ಇವು: ಜನರನ್ನು ಅರಿಯುವುದು, ಸಮಸ್ಯೆಯನ್ನು ಖಚಿತ ಮಾಡಿಕೊಳ್ಳುವುದು, ಐಡಿಯಾ, ಮಾದರಿ, ಪರೀಕ್ಷೆ. ವಿಟಿಯು ಈ ವಿಷಯವನ್ನು ಎಂಜಿನಿಯರಿಂಗ್ ಮೊದಲ ವರ್ಷಕ್ಕೇ ಇಟ್ಟಿದೆ. ಹಂತಗಳ ಹೆಸರು ಬಾಯಿಪಾಠಕ್ಕೆ ಹತ್ತು ನಿಮಿಷ ಸಾಕು. ಐದು ದಿನದಲ್ಲಿ ನಾಲ್ಕು ಬೆಳಗ್ಗೆ ತಂಡ ಹೊರಗಿರುವಂತೆ ವೇಳಾಪಟ್ಟಿ ಹಾಕಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿ.

ತಂಡ ಮತ್ತು ಸಮಸ್ಯೆ

ತಂಡಕ್ಕೆ ಐದು ಜನ. ಎಲ್ಲರೂ ಒಂದೇ ವಿಭಾಗದವರಾದರೆ ಎಲ್ಲರಿಗೂ ಕಾಣುವುದು ಒಂದೇ, ಹಾಗಾಗಿ ಅಕೌಂಟ್ಸ್‌ನವರೋ ಸ್ಟೋರ್ಸ್‌ನವರೋ ಒಬ್ಬರಾದರೂ ಇರಲಿ. ಮೇಲಧಿಕಾರಿ ಇದ್ದರೆ ಬರೆದುಕೊಳ್ಳುವ ಕೆಲಸ ಅವರಿಗೆ ಕೊಡಿ. ಇಲ್ಲದಿದ್ದರೆ ಅವರ ಮೊದಲ ಮಾತೇ ತಂಡದ ಕೊನೆಯ ಮಾತಾಗುತ್ತದೆ. ನಾಲ್ಕು ತಂಡಕ್ಕೆ ಇಬ್ಬರು ತರಬೇತುದಾರರು ಬೇಕೇ ಬೇಕು.

‘ಬೆಂಗಳೂರಿನ ಟ್ರಾಫಿಕ್’ ತರಹದ ಸಮಸ್ಯೆ ಬೇಡ. ಅರ್ಧ ಗಂಟೆಯಲ್ಲಿ ಹೋಗಿ ಕಣ್ಣಾರೆ ನೋಡಿ ಬರುವಂಥದ್ದಿರಲಿ. ಇಲ್ಲಿ ಉದಾಹರಣೆಗೆ ತಾಲ್ಲೂಕು ಆಸ್ಪತ್ರೆಯ ಔಷಧ ಕೌಂಟರ್ ತೆಗೆದುಕೊಳ್ಳೋಣ: ಮಾತ್ರೆ ತೆಗೆದುಕೊಂಡು ಹೋಗುವ ಹಿರಿಯರಿಗೆ ಯಾವುದನ್ನು ಯಾವಾಗ ನುಂಗಬೇಕೆಂದು ತಿಳಿಯುತ್ತದೆಯೆ? ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಯ ಲಿಖಿತ ಅನುಮತಿಯನ್ನು ವಾರ ಮೊದಲೇ ಪಡೆಯಿರಿ.

ಮೊದಲೆರಡು ದಿನ

ಮೊದಲ ಬೆಳಗ್ಗೆ ಎರಡು ಗಂಟೆ ಯಾರನ್ನೂ ಏನೂ ಕೇಳಬೇಡಿ, ಸುಮ್ಮನೆ ನಿಂತು ನೋಡಿ. ಒಬ್ಬ ರೋಗಿ ಕೌಂಟರ್ ಮುಂದೆ ಎಷ್ಟು ಸೆಕೆಂಡ್ ಇರುತ್ತಾರೆ, ಫಾರ್ಮಸಿಸ್ಟ್ ಏನು ಹೇಳುತ್ತಾರೆ, ಹೇಳುವಾಗ ರೋಗಿಯ ಕಣ್ಣು ಎಲ್ಲಿರುತ್ತದೆ, ಬರೆದುಕೊಳ್ಳಿ. ಎರಡನೇ ಬೆಳಗ್ಗೆ ಇಬ್ಬಿಬ್ಬರಾಗಿ ಹೋಗಿ ಮಾತಾಡಿಸಿ. ಒಬ್ಬರು ಕೇಳಲಿ, ಇನ್ನೊಬ್ಬರು ಬರೆಯಲಿ. ಆರು ಜನ ಸಿಕ್ಕರೆ ಸಾಕು.

ಹೊಸಬರು ಎಡವುವುದು ಇಲ್ಲೇ. ‘ನಿಮಗೇನಾದರೂ ತೊಂದರೆ ಇದೆಯಾ?’ ಎಂದು ಕೇಳಿದರೆ, ಕೊರಳಲ್ಲಿ ಐಡಿ ಕಾರ್ಡ್ ಹಾಕಿಕೊಂಡವರಿಗೆ ಸಿಗುವ ಉತ್ತರ ‘ಏನಿಲ್ಲಪ್ಪ, ಎಲ್ಲ ಚೆನ್ನಾಗೈತೆ’. ಅಭಿಪ್ರಾಯ ಕೇಳಬೇಡಿ, ಮಾಡಿ ತೋರಿಸಲು ಕೇಳಿ: ‘ಅಜ್ಜಿ, ಇವತ್ತು ಕೊಟ್ಟ ಮಾತ್ರೆ ಒಂಚೂರು ತೋರಿಸ್ತೀರಾ? ರಾತ್ರಿಗೆ ಯಾವುದು?’ ಆಗ ಸೆರಗಿನ ಗಂಟು ಬಿಚ್ಚುತ್ತದೆ. ಸ್ಟ್ರಿಪ್ ಕತ್ತರಿಸಿ ಕೊಟ್ಟಿದ್ದರಿಂದ ಮಾತ್ರೆಯ ಹೆಸರು ಅರ್ಧವೇ ಉಳಿದಿರುತ್ತದೆ. ‘ಬಿಳೀದು ಬೆಳಿಗ್ಗೆ, ಕೆಂಪುದು ರಾತ್ರಿ’ ಎನ್ನುತ್ತಾರೆ. ಮುಂದಿನ ತಿಂಗಳು ಅದೇ ಮಾತ್ರೆ ಬೇರೆ ಕಂಪನಿಯಿಂದ ಬೇರೆ ಬಣ್ಣದಲ್ಲಿ ಬಂದರೆ? ನಿಮ್ಮ ಸಮಸ್ಯೆ ಆ ಗಂಟಿನಲ್ಲಿದೆ.

ಕೇಳಿದ್ದನ್ನು ಅಂದೇ ಮಧ್ಯಾಹ್ನ, ಅವರವರ ಮಾತಿನಲ್ಲೇ ಬರೆದಿಡಿ. ಆಮೇಲೆ ಒಂದೇ ವಾಕ್ಯ ಕಟ್ಟಿ: ಯಾರಿಗೆ, ಏನು ಬೇಕು, ಯಾಕೆ. ‘ಓದಲು ಬಾರದ ಹಿರಿಯರಿಗೆ ಮನೆಯಲ್ಲಿ ಒಬ್ಬರೇ ಇದ್ದಾಗಲೂ ಹೊತ್ತಿಗೆ ಸರಿಯಾದ ಮಾತ್ರೆ ಗುರುತು ಸಿಗಬೇಕು, ಯಾಕೆಂದರೆ ಅವರು ನಂಬಿರುವ ಬಣ್ಣ ಬದಲಾಗುತ್ತದೆ.’ ವಾಕ್ಯದಲ್ಲಿ ಆಪ್, ಬೋರ್ಡ್, ಡಬ್ಬಿ ಎಂಬ ಪದ ನುಸುಳಿದ್ದರೆ ಪರಿಹಾರವನ್ನು ಆಗಲೇ ಒಳಗೆ ಬಿಟ್ಟುಕೊಂಡಿದ್ದೀರಿ. ಹೊಡೆದುಹಾಕಿ ಮತ್ತೆ ಬರೆಯಿರಿ.

ಮೂರನೇ ದಿನ: ಕೋಣೆಯೊಳಗೆ

ಒಟ್ಟಿಗೆ ಕೂತು ಕೂಗಾಡಿದರೆ ಹೆಚ್ಚು ಐಡಿಯಾ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ. ಅಷ್ಟೇ ಜನ ಬೇರೆ ಬೇರೆ ಕೂತು ಯೋಚಿಸಿದಾಗಲೇ ಹೆಚ್ಚು ಬರುತ್ತದೆ ಎಂದು 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪ್ರಯೋಗ ತೋರಿಸಿತ್ತು. ಅದಕ್ಕೇ ಬರೆದು ದಾಟಿಸುವ ವಿಧಾನ ಒಳ್ಳೆಯದು: ಪ್ರತಿಯೊಬ್ಬರೂ ಐದು ನಿಮಿಷದಲ್ಲಿ ಮೂರು ಐಡಿಯಾ ಬರೆದು ಹಾಳೆಯನ್ನು ಪಕ್ಕದವರಿಗೆ ಕೊಡುವುದು, ಅವರು ಅದನ್ನೋದಿ ಇನ್ನು ಮೂರು ಸೇರಿಸುವುದು. ಐದು ಜನ, ಐದು ಸುತ್ತು. 25 ನಿಮಿಷಕ್ಕೆ 75. ಅರ್ಧಕ್ಕರ್ಧ ಜೊಳ್ಳೇ ಇರುತ್ತದೆ, ಇರಲಿ. ಹಿಡಿಸಿದ ಐಡಿಯಾಗಳ ಮೇಲೆ ತಲಾ ಮೂರು ಚುಕ್ಕಿ ಇಟ್ಟು ಮಾತಿಲ್ಲದೆ ಆರಿಸಿ, ಮೇಲಧಿಕಾರಿ ಕೊನೆಗೆ ಇಡಲಿ.

ಮಾದರಿಗೆ 90 ನಿಮಿಷ, ತಂಡಕ್ಕೆ 300 ರೂಪಾಯಿ. ಕಾಗದದ ಕವರ್, ಮಾರ್ಕರ್, ಟೇಪ್, ಕತ್ತರಿ, ಮಾತ್ರೆಯ ಬದಲು ಪೆಪ್ಪರ್‌ಮಿಂಟ್. ನಿಜವಾದ ಮಾತ್ರೆಯನ್ನು ಯಾವ ಕಾರಣಕ್ಕೂ ಬಳಸಬೇಡಿ. ಲ್ಯಾಪ್‌ಟಾಪ್ ಮುಚ್ಚಿಡಿ: ನೀಟಾಗಿ ಪ್ರಿಂಟ್ ಹಾಕಿದ್ದನ್ನು ಕಂಡರೆ ಜನ ಹೊಗಳಿ ಕಳಿಸುತ್ತಾರೆ, ಮಾಡಿದವರಿಗೂ ಹರಿಯಲು ಮನಸ್ಸು ಬರುವುದಿಲ್ಲ.

ನಾಲ್ಕು ಮತ್ತು ಐದು

ತಂಡವೊಂದು ಕವರಿನ ಮೇಲೆ ಸೂರ್ಯ, ಅರ್ಧ ಸೂರ್ಯ, ಚಂದ್ರ ಬರೆದಿದೆ ಎನ್ನಿ. ನಾಲ್ಕನೇ ಬೆಳಗ್ಗೆ ಆ ಕವರನ್ನು ಆಸ್ಪತ್ರೆಗೆ ಬಂದ ಹಿರಿಯರ ಕೈಗೆ ಕೊಟ್ಟು ‘ರಾತ್ರಿ ಊಟ ಆಯ್ತು ಅಂದ್ಕೊಳ್ಳಿ, ಯಾವುದು ತಗೋತೀರಿ?’ ಎಂದಷ್ಟೇ ಕೇಳಿ, ಬಾಯಿ ಮುಚ್ಚಿಕೊಂಡಿರಿ. ವಿವರಿಸಬೇಕೆಂದು ನಾಲಿಗೆ ತುರಿಸುತ್ತದೆ, ತಡೆದುಕೊಳ್ಳಿ. ಅರ್ಧ ಸೂರ್ಯ ಒಬ್ಬರಿಗೆ ಬೆಳಗ್ಗೆ, ಇನ್ನೊಬ್ಬರಿಗೆ ಸಂಜೆ ಎಂದು ಆಗಲೇ ಗೊತ್ತಾಗುವುದು. ಐದು ಜನರ ಜೊತೆ ಫಾರ್ಮಸಿಸ್ಟ್‌ಗೂ ಕೊಟ್ಟು ನೋಡಿ. ಸಾಲು ಬಾಗಿಲವರೆಗೆ ಬೆಳೆದಿರುವಾಗ ಅವರು ಪ್ರತಿ ಕವರಿಗೂ ಚಿತ್ರ ಬರೆಯುತ್ತಾ ಕೂರಲಾರರು. ಚಿತ್ರದ ಬದಲು ರಬ್ಬರ್ ಸ್ಟ್ಯಾಂಪ್ ಆಗಬೇಕೆಂದು ಹೊಳೆಯುವುದು ಕೌಂಟರಿನ ಆ ಬದಿಯಲ್ಲಿ ನಿಂತಾಗ.

ಜನರ ಮುಂದಿಟ್ಟಾಗ ಮಾದರಿ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಒಂದು ನಿಜವಾದ ಉದಾಹರಣೆ: ಸ್ಟ್ಯಾನ್‌ಫರ್ಡ್‌ನಲ್ಲಿ 2007ರ ತರಗತಿಯೊಂದರಲ್ಲಿ ಹುಟ್ಟಿ ಬೆಂಗಳೂರಿಗೆ ಬಂದ ‘ಎಂಬ್ರೇಸ್’, ತೂಕ ಕಡಿಮೆಯಿರುವ ನವಜಾತ ಶಿಶುವನ್ನು ಬೆಚ್ಚಗಿಡುವ ಚೀಲ. ಮೊದಲ ಮಾದರಿಯಲ್ಲಿ ಉಷ್ಣಾಂಶ ಅಂಕಿಯಲ್ಲಿ ಕಾಣುತ್ತಿತ್ತು. ಇಂಗ್ಲಿಷ್ ಮದ್ದು ಬಲು ಖಾರ ಎಂದು ನಂಬಿದ್ದ ತಾಯಂದಿರು ಮಗುವಿನ ಒಳ್ಳೆಯದಕ್ಕೇ ಶಾಖವನ್ನೂ ಕಡಿಮೆ ಇಡುವ ಮಾತಾಡಿದರು. ಅಂಕಿ ತೆಗೆದು, ಸರಿಯಿದೆ ಅಥವಾ ಇಲ್ಲ ಎಂದಷ್ಟೇ ತೋರಿಸುವ ಗುರುತು ಇಡಬೇಕಾಯಿತು. ಕೋಣೆಯಲ್ಲಿ ಕೂತವರಿಗೆ ಇದು ಹೊಳೆಯುವ ಸಂಗತಿಯಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಮಾದರಿ ಬದಲಿಸಿ, ಐದನೇ ಬೆಳಗ್ಗೆ ಹೊಸ ಐದು ಜನರಿಗೆ ಕೊಡಿ. ಸಮಯ ಸಾಲದೆಂದು ಈ ಎರಡನೇ ಸುತ್ತನ್ನೇ ಬಿಡುವವರು ಹೆಚ್ಚು. ಬದಲಿಗೆ ಉದ್ಘಾಟನಾ ಭಾಷಣ ಬಿಡಿ.

ಕೊನೆಯ ಮಧ್ಯಾಹ್ನ ಸ್ಲೈಡ್ ಬೇಡ. ಬದಲಿಸುವ ಅಧಿಕಾರವಿರುವವರನ್ನು ಕರೆದು ಕೂರಿಸಿ, ಕವರನ್ನು ಅವರ ಕೈಗೇ ಕೊಟ್ಟು ರಾತ್ರಿಯ ಮಾತ್ರೆ ಯಾವುದೆಂದು ಕೇಳಿ. ಜೊತೆಗೆ ಒಂದು ಹಾಳೆ: ಒಂದು ಕವರಿಗೆ ಎಷ್ಟು ಪೈಸೆ, ಸ್ಟ್ಯಾಂಪ್ ಒತ್ತುವವರು ಯಾರು, ಎಷ್ಟು ಜನರಲ್ಲಿ ಎಷ್ಟು ಮಂದಿ ಸರಿ ಗುರುತಿಸಿದರು, ತಪ್ಪಿದವರು ಎಲ್ಲಿ ತಪ್ಪಿದರು.